ಅಡವಿಯಪ್ಪನ ಅರವತ್ಮೂರು ಹಲಗೆ

ಕುಣಿಗಲ್ಲಿಂದ ಬರೋ ಕೊನೇ ಬಸ್ಸು ಚಂದ್ರೂನ ಆಲದಮರದ ಹತ್ರ ಇಳಿಸಿ ಹೋದಾಗ ಏಳೂಮುಕ್ಕಾಲು. ಕರೆಂಟ್ ಇರ್ಲಿಲ್ಲ. ಆಲದಮರ, ಅದರ ಪಕ್ಕ ಪಾಳುಬಾವಿ, ಬಾವಿ ದಾಟಿದ್ರೆ ಇಳಿಜಾರು, ಇಳಿಜಾರು ಮುಗಿದ್ರೆ ಹೊಳೆ. ಹೊಳೆ ಮೇಲೆ ತೂಗುಸೇತುವೆ. ಆಚೆ ದಡದಲ್ಲಿ ಹೊಳೆಪಾಳ್ಯ. ಗಾಡಿ ಓಡೋ ಸೇತುವೆ ಬೇರೆ ಇದೆ, ಆದ್ರೆ ಅದಕ್ಕೆ ಆರು ಮೈಲಿ ಸುತ್ತಬೇಕು. ಆ ಹೊತ್ತಲ್ಲಿ ಯಾರು ಸುತ್ತುತ್ತಾರೆ.

ಬಾವಿ ದಾಟೋವಾಗ ಅವನಿಗೆ ಏನೂ ಅನ್ನಿಸಲಿಲ್ಲವಂತೆ. ಕಪ್ಪೆ ವಟಗುಟ್ಟುತ್ತಿದ್ವು. ಇಳಿಜಾರಿನ ಅರ್ಧಕ್ಕೆ ಬಂದ... ಕಪ್ಪೆ ಸದ್ದು ನಿಂತೋಯ್ತು. ಒಂದೇ ಸಲಕ್ಕೆ. ಯಾರೋ ಬಾಯಿಗೆ ಬಟ್ಟೆ ತುರುಕಿದಂಗೆ.

ಚಂದ್ರು ಅಂದ್ರೆ ನನ್ನ ತಂಗಿ ಹನುಮಂತಮ್ಮನ ಅಳಿಯ. ಗುಬ್ಬಿ ಕಡೆ ಹುಡುಗ, ಮನೆಅಳಿಯ. ನಾನು ಮರಳೂರಲ್ಲಿ ಇರೋಳು. ಅವತ್ತು ಬಾಗಿನಕ್ಕೆ ಅಂತ ತಂಗಿ ಮನೆಗೆ ಹೋಗಿದ್ದೆ. ಅವನು ಹೊಸಲಲ್ಲಿ ಬಂದು ಕುಸಿದಾಗ ಚೊಂಬು ಹಿಡಿದು ನೀರು ಕುಡಿಸಿದೋಳು ನಾನು. ಅದಕ್ಕೇ ಹೇಳ್ತಿರೋದು, ಇದು ಅವರಿವರ ಬಾಯಿಂದ ಬಂದದ್ದಲ್ಲ.

ಮೊದಲು ಅಡವಿಯಪ್ಪನ ವಿಚಾರ ಹೇಳ್ತೀನಿ. ಇಲ್ದಿದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ಆ ಸೇತುವೆ ಕಾಯೋನು ಅಡವಿಯಪ್ಪ. ಮೂವತ್ತು ವರ್ಷ ಕಾದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಹೆಗಲಲ್ಲಿ ಒಂದು ಚೀಲ. ಚೀಲದೊಳಗೆ ಸುತ್ತಿಗೆ, ಸುಣ್ಣದ ಡಬ್ಬಿ, ಪಂಚಾಯ್ತಿಯೋರು ಕೊಟ್ಟ ಒಂದು ಪುಸ್ತಕ. ಸೇತುವೆಗೆ ಮಂಚದಗಲದ ಕಬ್ಬಿಣದ ಹಲಗೆಗಳು, ಒಟ್ಟು ಅರವತ್ಮೂರು. "ನಮ್ಮ ಶಿವಭಕ್ತ ಪುರಾತನರೂ ಅರವತ್ಮೂರು ಜನ ಕಣವ್ವ, ಒಬ್ಬರು ಜಾರಿದ್ರೂ ಲೆಕ್ಕ ತಪ್ಪುತ್ತೆ" ಅನ್ನೋನು. ದಿನಾ ಸಂಜೆ ಐದಕ್ಕೆ ಊರ ಕಡೆಯಿಂದ ಶುರು. ಒಂದು ಹಲಗೆಗೆ ಒಂದೇ ಏಟು. ಠಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಒಳಗೆ ತುಕ್ಕು ತಿಂದಿದೆ ಅಂತ. ಡಬ್ ಅಂದ ತಕ್ಷಣ ನಿಂತುಬಿಡೋನು, ಜೊತೇಲಿ ಇದ್ದೋರನ್ನ ಮೆಲ್ಲಗೆ ಕೇಳೋನು: "ಎಷ್ಟನೇದು?" ಅವರು ಎಣಿಸ್ಕೊಂಡು ಬಂದಿರಬೇಕು, ಹೇಳಬೇಕು. ಹೇಳಕ್ಕೆ ಆಗ್ಲಿಲ್ಲವೋ, ಮತ್ತೆ ಒಂದರಿಂದ. ನಂಬರು ಪುಸ್ತಕಕ್ಕೆ ಬರೆಯೋನು, ಹಲಗೆ ಮೇಲೆ ಮೂರು ಬೆರಳಲ್ಲಿ ಸುಣ್ಣ ಎಳೆಯೋನು. ಸುಣ್ಣ ಕಂಡರೆ ಇಸ್ಕೂಲು ಮಕ್ಕಳೂ ಹಾರಿಕೊಂಡು ಹೋಗ್ತಿದ್ವು. ಹತ್ತು ಜನಕ್ಕಿಂತ ಜಾಸ್ತಿ ಒಂದು ಸಲಕ್ಕೆ ಬಿಡ್ತಿರ್ಲಿಲ್ಲ. ಮಾರ್ಕೋನಹಳ್ಳಿ ಕಟ್ಟೆ ತುಂಬಿ ಹೊಳೆ ಏರಿದ್ರೆ ಸರಪಣಿ ಹಾಕಿ ಅಡ್ಡ ಕೂತ್ಕೊಂಬಿಡೋನು, ದೇವರು ಬಂದ್ರೂ ಏಳ್ತಿರ್ಲಿಲ್ಲ.

ಹೋದ ವರ್ಷ ಮೆಂಬರ್ ಸೋಮಶೇಖರ್ ಸೇತುವೆಗೆ ಬಣ್ಣ ಹೊಡೆಸಿದ. ತುಕ್ಕು ಕೆರೆಯಲಿಲ್ಲ, ತುಕ್ಕಿನ ಮೇಲೇ ನೀಲಿ ಬಣ್ಣ. ಮುಖ ತೊಳೀದೆ ಪೌಡರ್ ಹಾಕ್ಕೊಳ್ಳೋ ಹೆಂಗಸರನ್ನ ನೋಡಿಲ್ವ ನೀವು, ಹಂಗೆ. ಅಡವಿಯಪ್ಪ ಮಾರನೇ ದಿನವೇ ಹೊಡೆದು ನೋಡಿ, ಹದಿನೇಳನೇ ಹಲಗೆ ಕೆಟ್ಟಿದೆ, ಮಿಕ್ಕವೂ ನಂಬೋ ಹಂಗಿಲ್ಲ ಅಂತ ಪುಸ್ತಕದಲ್ಲಿ ಬರೆದುಬಿಟ್ಟ. ಮೆಂಬರಿಗೆ ಉರೀತು. ಮುದುಕನಿಗೆ ಕಣ್ಣು ಕಾಣಲ್ಲ, ಕಿವಿ ಕೇಳಲ್ಲ ಅಂತ ಕೆಲಸದಿಂದ ತೆಗೆಸಿ ಆ ಜಾಗಕ್ಕೆ ನಮ್ಮ ಚಂದ್ರೂನ ಹಾಕಿದ. ಸದ್ಯಕ್ಕೆ ಟೆಂಪ್ರವರಿ, ಬಾಗಿನ ಚೆನ್ನಾಗಿ ನಡೆದ್ರೆ ಪರ್ಮನೆಂಟು ಅಂತ ಆಸೆ ತೋರಿಸಿದ.

ಅಡವಿಯಪ್ಪ ಆಮೇಲೂ ಸುಮ್ಮನಿರ್ಲಿಲ್ಲ. ಸಂಬಳ ಇಲ್ದೇನೇ ಬಂದು ಕುಟ್ಟಿ ಸುಣ್ಣ ಬಳಿದು ಹೋಗೋನು. ಮಾಘದಲ್ಲಿ ಜ್ವರ ಬಂತು. ಮೂರೇ ದಿನ... ಹೋದ.

ಚಂದ್ರು ಹೆಂಗೆ ಕಾದ ಅಂತ ಕೇಳಿ. ಸಂಜೆ ಐದಕ್ಕೆ ಸೇತುವೆ ಮೇಲಿರಬೇಕಾದೋನು ದಿನಾ ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ಪ್ರಮೀಳನ ಹೂವಿನಂಗಡೀಲಿ. ಗಂಡ ಬಿಟ್ಟೋಳು, ಮೊಳ ಅಳೆಯೋ ಕೈ ನೋಡಬೇಕು ನೀವು, ಯಾರಿಗೆ ಉದ್ದ ಯಾರಿಗೆ ಗಿಡ್ಡ ಅಂತ ಚೆನ್ನಾಗಿ ಗೊತ್ತು. ಪುಸ್ತಕಕ್ಕೆ ಅಲ್ಲೇ ಕೂತು ಸೈನ್ ಹಾಕೋನು. "ಎಲ್ಲ ಹಲಗೆ ಸರಿ ಇದೆ." ಅರವತ್ಮೂರಕ್ಕೂ ಒಂದೇ ಸೈನು. ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದೋಳು ಅವನ ಹೆಂಡ್ತಿ ಮಾನಸಾ ಒಬ್ಳೇ. ನಮ್ಮ ಹನುಮಂತಮ್ಮನಿಗೂ ಗೊತ್ತಿತ್ತು, ಅಳಿಯನ ಕೆಲಸ ಪರ್ಮನೆಂಟ್ ಆಗ್ಲಿ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ಲು.

ಈ ಸಲ ಕಟ್ಟೆ ತುಂಬ್ತು. ಸೋಮವಾರ ಬಾಗಿನ ಅಂತ ಗೊತ್ತು ಮಾಡಿದ್ರು. ಮದುವೆಯಾಗಿ ವರ್ಷ ತುಂಬದ ಹುಡುಗೀರು ಸೇತುವೆ ನಡುಮಧ್ಯೆ ನಿಂತು ಮೊದಲ ಮೊರ ಹೊಳೆಗೆ ಬಿಡೋದು ಅಲ್ಲಿಯ ಪದ್ಧತಿ. ಈ ಸಲ ಐದು ಜನ. ಮುಂದೆ ನಿಲ್ಲೋಳು ಮಾನಸಾ. ಹಿಂದೆ ಊರಿಗೆ ಊರೇ.

ಭಾನುವಾರ ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಸೇತುವೆ ತೊಳೆದ್ರು. "ಇಂಜಿನಿಯರ್ ಬಂದು ನೋಡಿ ಹೋಗವ್ರೆ, ಆ ಮುದುಕನ ಸುಣ್ಣ ಅಪಶಕುನ, ಉಜ್ಜಿ ತೆಗೀರಿ" ಅಂದಿದ್ದ ಮೆಂಬರು. ತೆಂಗಿನ ನಾರು ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಸುಣ್ಣ ಹೋಯ್ತು. ನಡುವೆ ತೇರಿನಷ್ಟು ದೊಡ್ಡ ರಂಗೋಲಿ ಬಿಟ್ರು. ನಾನೂ ಒಂದು ಕೊಡ ನೀರು ಹುಯ್ದೆ... ಸುಳ್ಳು ಯಾಕೆ ಹೇಳಲಿ.

ಈಗ ಇಳಿಜಾರಿಗೆ ಬನ್ನಿ.

ಚಂದ್ರು ಹೆಂಡ್ತಿಗೆ ಹೂವು ತರ್ತೀನಿ ಅಂತ ಹೋಗಿ ಹೂವಿನೋಳ ಹತ್ರವೇ ಹೊತ್ತು ಕಳೆದು ಬರ್ತಿದಾನೆ. ಕೈಲಿ ಸೇವಂತಿಗೆ ಕವರು. ಸೇತುವೆಗೆ ಕಾಲಿಟ್ಟ. ಕೆಳಗೆ ಹೊಳೆ ಗುಂಯ್ ಅಂತಿತ್ತು. ಮಾರ್ಕೋನಹಳ್ಳಿ ಕಟ್ಟೆಗೆ ಸೈಫನ್ ಇದೆ, ನೀರು ಮಟ್ಟಕ್ಕೆ ಬಂದ್ರೆ ಯಾರೂ ಗೇಟು ಎತ್ತೋದು ಬೇಡ, ತಾನಾಗೇ ಬಿಟ್ಕೊಳುತ್ತೆ. ಬಿಟ್ಕೊಂಡಿತ್ತು.

ಮೂರು ಹಲಗೆ ನಡೆದ. ಊರ ಕಡೆ ತುದೀಲಿ ಸದ್ದು.

ಠಣ್.

ನಿಂತ. ಅಲ್ಲಿಂದ ಮತ್ತೆ, ಉಸಿರು ಬಿಟ್ಟು ಎಳೆಯೋಷ್ಟು ಹೊತ್ತು ಬಿಟ್ಟು... ಠಣ್. ಮತ್ತೆ ಠಣ್. ಹಲಗೆಯಿಂದ ಹಲಗೆಗೆ ಬರ್ತಿದೆ. ಹೆಜ್ಜೆ ಸದ್ದಿಲ್ಲ. ಬರೀ ಏಟು. ಫೋನಿನ ಟಾರ್ಚ್ ಹಾಕಿದ. ಬೆಳಕು ಹೋದಷ್ಟು ದೂರ ಬರೀ ಹಲಗೆ, ತೊಳೆದು ಹೊಳೀತಿರೋ ಖಾಲಿ ಹಲಗೆ.

"ಯಾರ್ಲಾ ಅದು?" ಅಂದ.

ಠಣ್... ಠಣ್... ಡಬ್.

ನಿಂತೋಯ್ತು. ಹೊಳೆ ಸದ್ದೂ ತಗ್ಗಿದಂಗಾಯ್ತು. ಏಟು ಬಿದ್ದದ್ದು ಅಷ್ಟು ದೂರದಲ್ಲಿ. ಮಾತು ಬಂದದ್ದು ಎಡಗಿವಿ ಪಕ್ಕದಲ್ಲಿ.

"ಎಷ್ಟನೇದು?"

ಚಂದ್ರೂಗೆ ಆ ಮಾತು ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹದಿನೈದು ದಿನ ಅಡವಿಯಪ್ಪನ ಹಿಂದೆ ಎಣಿಸ್ತಾ ತಿರುಗಿದ್ದ.

"ಗೊತ್ತಿಲ್ಲ ತಾತ," ಅಂದ.

ಆಮೇಲೆ ಊರ ಕಡೆ ತುದೀಲಿ... ಠಣ್. ಮತ್ತೆ ಒಂದರಿಂದ.

ವಾಪಸ್ ಓಡೋಣ ಅಂದ್ರೆ ಹಿಂದೆ ಪಾಳುಬಾವಿ, ಕತ್ತಲು. ಕಬ್ಬಿಣದ ಹಗ್ಗ ತಬ್ಬಿ ನಿಂತ. ಬಾಯಲ್ಲಿ ಎಣಿಸಿದ. ಹದಿನಾರು. ಹದಿನೇಳು... ಡಬ್.

"ಎಷ್ಟನೇದು?"

"ಹದಿನೇಳು ತಾತ."

ಏಟು ಮುಂದಕ್ಕೆ ಬಂತು. ಹದಿನೆಂಟು, ಇಪ್ಪತ್ತು, ಇಪ್ಪತ್ತೈದು. ಎಲ್ಲ ಠಣ್. ಹದಿನೇಳು ಹಳೇದು, ಸುಣ್ಣ ಇದ್ದದ್ದೇ. ಅಷ್ಟೇ ಇರಬೇಕು ಅಂದ್ಕೊಂಡನಂತೆ. ಮೂವತ್ತೊಂದು.

ಡಬ್.

"ಎಷ್ಟನೇದು?"

"ಮೂವತ್ತೊಂದು."

ಮೂವತ್ತೆರಡು. ಡಬ್. ಇದು ಇನ್ನೂ ಮಂದ. ಒದ್ದೆ ಗೋಣಿಗೆ ಹೊಡೆದಂಗೆ.

"ಎಷ್ಟನೇದು?"

ಅವನು ಹೇಳಲಿಲ್ಲ. ಮೂವತ್ತೊಂದು, ಮೂವತ್ತೆರಡು ಅಂದ್ರೆ ನಡುಮಧ್ಯೆ. ರಂಗೋಲಿ ಬಿಟ್ಟಿರೋದು ಅದರ ಮೇಲೆ. ನಾಳೆ ಬೆಳಿಗ್ಗೆ ಮಾನಸಾ ಮೊರ ಹಿಡಿದು ನಿಲ್ಲೋದು ಅದರ ಮೇಲೆ.

"ಎಷ್ಟನೇದು?" ಈ ಸಲ ಉಸಿರು ಕುತ್ತಿಗೆಗೆ ತಾಗಿತಂತೆ. ತಣ್ಣಗೆ. ವಿಭೂತಿ ವಾಸನೆ.

"ಮೂವತ್ತೆರಡು ತಾತ... ಮೂವತ್ತೆರಡು."

ಆಮೇಲೆ ಹತ್ರ ಬಂತು. ಐವತ್ತು. ಐವತ್ತೈದು. ಪ್ರತಿ ಏಟಿಗೂ ಕಾಲಡಿ ಹಲಗೆ ಜುಂ ಅಂತಿತ್ತು. ಅವನು ನಿಂತಿದ್ದದ್ದು ಅರವತ್ತೊಂದನೇದರ ಮೇಲೆ. ಅರವತ್ತು... ಠಣ್. ಮುಂದಿನ ಏಟು ಬಿದ್ದದ್ದು ಅವನ ಎರಡು ಪಾದದ ಮಧ್ಯೆ. ಕಿವಿಗಿಂತ ಮೊದಲು ಅಂಗಾಲಿಗೆ ಕೇಳಿಸ್ತಂತೆ. ಅರವತ್ತೊಂದು. ಅವನನ್ನ ದಾಟಿ ಬೆನ್ನ ಹಿಂದೆ ಅರವತ್ತೆರಡು. ಅರವತ್ಮೂರು.

ಅಷ್ಟೇ.

ಈಗ ಅವನು ಊರಿಗೆ ಹೋಗಬೇಕಲ್ಲ. ಓಡಿದ್ರೆ ಲೆಕ್ಕ ತಪ್ಪುತ್ತೆ, ಲೆಕ್ಕ ತಪ್ಪಿದ್ರೆ ಮೂವತ್ತೆರಡರ ಮೇಲೆ ಕಾಲು. ಅರವತ್ತೊಂದರಿಂದ ಹಿಂದಕ್ಕೆ ಎಣಿಸ್ತಾ, ಒಂದೊಂದೇ ಹೆಜ್ಜೆ ಇಟ್ಟ. ಹಿಂದೆ ತಿರುಗಿ ನೋಡ್ಲಿಲ್ಲ. ನಡುವಿನ ಆ ಎರಡು ಹಲಗೆ ಬಂದಾಗ ಹಗ್ಗಕ್ಕೆ ಜೋತುಬಿದ್ದು ಪಕ್ಕದ ಅಂಚಿನ ಸರಳಿನ ಮೇಲೆ ಕಾಲಿಟ್ಟು ದಾಟಿದ, ಹದಿನೇಳನ್ನ ಹಾರಿದ. ಸೇವಂತಿಗೆ ಹೊಳೆಗೆ ಬಿತ್ತು.

ದಡದಲ್ಲಿ ಮೊದಲ ಮನೆ ಅಡವಿಯಪ್ಪಂದು. ಅವನ ಹೆಂಡ್ತಿ ಸರ್ವಮಂಗಳಮ್ಮ ಜಗುಲೀಲಿ ಕೂತಿದ್ಲು, ಬುಡ್ಡಿ ಹಚ್ಕೊಂಡು.

"ಅಜ್ಜಿ, ತಾತನ ಸುತ್ತಿಗೆ ಯಾರ ಹತ್ರ ಐತೆ?" ಅಂದ.

ಆಯಮ್ಮ ಅವನನ್ನ ನೋಡಿದ್ಲು. "ಯಾರ ಹತ್ರ ಇರ್ತದಪ್ಪಾ. ಸಮಾಧೀಲಿ ಕೂರಿಸ್ದಾಗ ತೊಡೆ ಮೇಲೆ ಇಟ್ಟು ಮಣ್ಣು ಕೊಡ್ಲಿಲ್ವ. ನೀನೂ ಮೂರು ಹಿಡಿ ಹಾಕ್ದೆಯಲ್ಲೋ."

ಅವನು ಸೇತುವೆ ಕಡೆ ತಿರುಗಿ ನೋಡಿದ.

"ನಿನಗೂ ಕೇಳಿಸ್ತಾ?" ಅಂದ್ಲು ಆಯಮ್ಮ. ಬುಡ್ಡಿ ಆರಿಸಿ ಒಳಗೆ ಹೋದ್ಲು.

ಬೆಳಿಗ್ಗೆ ಎಂಟಕ್ಕೆ ಊರೆಲ್ಲ ಸೇತುವೆ ಮುಂದೆ. ರೇಷ್ಮೆ ಸೀರೆ, ಮೊರ, ಬಳೆ ಸದ್ದು, ವಾಲಗ. ನೋಡಿದ್ರೆ ಸೇತುವೆಗೆ ಸರಪಣಿ, ಸರಪಣಿಗೆ ಬೀಗ, ಅದರ ಮುಂದೆ ಚಂದ್ರು. ರಾತ್ರಿಯೆಲ್ಲ ನಿದ್ದೆ ಇಲ್ಲ, ಕಣ್ಣು ಕೆಂಡ. ಮನೇಲಿ ನನಗೊಬ್ಬಳಿಗೆ ಹೇಳಿದ್ದ. ಕುಡಿದು ಬಂದಿರಬೇಕು ಅಂತ ನಾನು ಬಾಯಿ ಮೂಸಿ ನೋಡಿದ್ದೆ. ಕುಡಿದಿರ್ಲಿಲ್ಲ.

ಮೆಂಬರು ಬಂದ. ಬಿಳೀ ಪಂಚೆ.

"ಏನ್ಲಾ, ಬೀಗ ಯಾಕ್ಲಾ?"

"ನಡುವಿನ ಹಲಗೆ ಸರಿ ಇಲ್ಲ ಮೆಂಬರೇ. ಜನಾನ ಬಿಡಲ್ಲ ನಾನು."

"ಮೊನ್ನೆ ಸಂಜೆ ಸರಿ ಇದೆ ಅಂತ ಸೈನ್ ಹಾಕಿರೋನು ನಿಮ್ಮಪ್ಪನಾ?" ಅಂದು ಫೋನಲ್ಲಿ ಪುಸ್ತಕದ ಫೋಟೋ ತೋರಿಸಿದ. "ಬಾಗಿನ ಹಾಳು ಮಾಡಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ಅದು ಸುಳ್ಳು ಸೈನು."

"ಏನಂದೆ?"

"ಒಂದು ದಿನಾನೂ ಕುಟ್ಟಿ ನೋಡಿಲ್ಲ. ಎಲ್ಲ ಸುಳ್ಳು ಸೈನು."

ವಾಲಗದೋರು ನಿಲ್ಲಿಸಿದ್ರು. ಜನದ ಮಧ್ಯೆ ಯಾರೋ ಕಿಸಕ್ಕಂದ್ರು.

"ಹಂಗಾದ್ರೆ ಐದು ಗಂಟೆಗೆ ಎಲ್ಲಿ ಸಾಯ್ತಿದ್ದೆ?" ಅಂದ ಮೆಂಬರು. ಗೊತ್ತಿದ್ದೂ ಕೇಳಿದ, ಹೆಂಡ್ತಿ ಮುಂದೆ ಹೇಳಲಾರ, ಬೀಗ ತೆಗೀತಾನೆ ಅಂತ. ಗುಳ್ಳೆನರಿ.

ಚಂದ್ರು ಮಾನಸಾನ ನೋಡಿದ. ಅವಳು ಹಸಿರು ಸೀರೆ ಉಟ್ಟು ಮೊರ ಎದೆಗೆ ಒತ್ಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ಲು. ನಾನು ಎಷ್ಟೋ ಹಾದರದ ಪಂಚಾಯ್ತಿ ನೋಡಿದೀನಿ, ನನಗೆ ಅವೆಲ್ಲ ಎಲೆಯಡಿಕೆ ಇದ್ದಂಗೆ. ಅವತ್ತು ಮಾತ್ರ ಈ ಹುಡುಗ ಬಾಯಿ ಬಿಡದಿರಲಿ ಅನ್ನಿಸ್ತು.

ಬಿಟ್ಟ. "ಕುಣಿಗಲ್ಲಲ್ಲಿ. ಪ್ರಮೀಳನ ಅಂಗಡೀಲಿ. ದಿನಾ."

ಮಾನಸಾ ಮೊರ ಕೆಳಗಿಟ್ಲು. ಅವಳ ಮುಖ ನೋಡಕ್ಕೆ ನನಗೆ ಆಗ್ಲಿಲ್ಲ. ಸೀದಾ ನನ್ನ ಹತ್ರ ಬಂದ್ಲು, ನನ್ನ ಎಲೆಯಡಿಕೆ ಚೀಲಕ್ಕೆ ಕೈ ಹಾಕಿ ಕುಟ್ಟಾಣಿ ಸಲಾಕೆ ತೆಗೆದ್ಲು. ಕಬ್ಬಿಣದ್ದು, ನಮ್ಮತ್ತೆ ಕಾಲದ್ದು. ಅವನ ಮುಂದೆ ಹಿಡಿದ್ಲು.

"ಹೊಡೆದು ತೋರ್ಸು. ಎಣಿಸೋಳು ನಾನು."

ಹೊಟ್ಟೆಗೆ ಹಗ್ಗ ಕಟ್ಟಿ ಬಿಟ್ರು ಅವನನ್ನ. ಒಬ್ಬನೇ ಹೋದ. ಇವಳು ದಡದಲ್ಲಿ ನಿಂತು ಗಟ್ಟಿಯಾಗಿ ಎಣಿಸಿದ್ಲು. ಹದಿನೇಳು, ಡಬ್. "ಒಂದು ಹಲಗೆ ಇರ್ಲಿ, ದಾಟ್ಕೊಂಡು ಹೋದ್ರಾಯ್ತು," ಅಂದ ಮೆಂಬರು. ಮೂವತ್ತು, ಠಣ್. ಅಲ್ಲಿ ನಿಂತೇ ಕೈ ಚಾಚಿ ಹೊಡೆದ. ಮೂವತ್ತೊಂದು... ಡಬ್. ಒಂದು ಕಾಲು ಅಂಚಿನ ಸರಳಿನ ಮೇಲಿಟ್ಟು, ಒಂದು ಕೈಲಿ ಸೇತುವೆ ಹಗ್ಗ ಹಿಡಿದು, ಬಗ್ಗಿ ಮೂವತ್ತೆರಡಕ್ಕೆ ಹೊಡೆದ. ಜೋರಾಗೇನೂ ಅಲ್ಲ. ಅಡಿಕೆ ಕುಟ್ಟೋಷ್ಟು.

ನೀಲಿ ಬಣ್ಣ ಹಪ್ಪಳದಂಗೆ ಎದ್ದು ಬಂತು. ಅದರ ಕೆಳಗೆ ಕಬ್ಬಿಣ ಇರ್ಲಿಲ್ಲ, ಕೆಂಪು ಪುಡಿ. ಹಲಗೆ ಕಿರ್ ಅಂತ ಒಂದು ಸದ್ದು ಮಾಡಿ ಮಧ್ಯಕ್ಕೆ ಮುರೀತು. ರಂಗೋಲಿ ಸಮೇತ ಹೊಳೆಗೆ ಹೋಯ್ತು. ಜೊತೆಗೆ ಮೂವತ್ತೊಂದೂ ಜಾರ್ತು. ಕೆಳಗೆ ಬಿದ್ದ ಸದ್ದೂ ಕೇಳಿಸ್ಲಿಲ್ಲ, ಅಷ್ಟು ನೀರು. ಚಂದ್ರು ಹಗ್ಗದಲ್ಲಿ ನೇತಾಡ್ತಿದ್ದ. ಎಳ್ಕೊಂಡ್ರು.

ಐದು ಹುಡುಗೀರು, ಅವರ ಹಿಂದೆ ಇನ್ನೂರು ಜನ. ನೀವೇ ಯೋಚನೆ ಮಾಡಿ. ಬಾಗಿನ ದಡದ ಮೆಟ್ಟಿಲಿಂದ ಬಿಟ್ರು. ನನ್ನ ಸಲಾಕೆ ಇವತ್ತಿಗೂ ಹೊಳೇಲಿದೆ, ಯಾರೂ ಒಂದು ಹೊಸದು ಕೊಡಿಸ್ಲಿಲ್ಲ.

ಚಂದ್ರೂನ ಕೆಲಸದಿಂದ ತೆಗೆದ್ರು. ಆ ಜಾಗಕ್ಕೆ ಯಾರೂ ಬರ್ಲಿಲ್ಲ. ಒಬ್ಬ ಬಂದ, ಒಂದು ಸಂಜೆ ಸೇತುವೆ ಮೇಲೆ ಹೋಗಿ ಬಂದು, ಹೇಳದೆ ಕೇಳದೆ ತುಮಕೂರು ಬಸ್ಸು ಹತ್ತಿದ. ತಿಂಗಳಾದ್ಮೇಲೆ ಮತ್ತೆ ಇವನನ್ನೇ ಕರೆದ್ರು. ಕೆಟ್ಟ ಹಲಗೆ ಮೂರೂ ಬದಲಾಯಿಸಿದ್ರು. ಈಗ ಐದಕ್ಕೆ ಸರಿಯಾಗಿ ಸೇತುವೆ ಮೇಲಿರ್ತಾನೆ. ದಡದಲ್ಲಿ ಮಾನಸಾ ಪುಸ್ತಕ ಹಿಡಿದು ಕೂತಿರ್ತಾಳೆ. ಅವಳು ಮನೇಲಿ ಅವನ ಜೊತೆ ಮಾತಾಡಲ್ಲ. ಅನ್ನ ಬಡಿಸ್ತಾಳೆ, ಮುಖ ನೋಡಲ್ಲ. ದಿನಕ್ಕೆ ಮಾತು ಅಂತ ಇರೋದು ಅಲ್ಲಿ ಮಾತ್ರ. ಅವನು ಅಲ್ಲಿಂದ "ಎಷ್ಟನೇದು?" ಅಂತಾನೆ, ಇವಳು ನಂಬರು ಹೇಳ್ತಾಳೆ.

ಮೊನ್ನೆ ನಾನು ಹೋಗಿದ್ದೆ. "ದೊಡ್ಡಮ್ಮ, ಇವತ್ತು ನೀವೂ ಎಣಿಸ್ರಿ," ಅಂದ್ಲು. ಯಾಕೆ ಅಂತ ಹೇಳ್ಲಿಲ್ಲ. ಸೇತುವೆ ಹಗ್ಗ ಕಟ್ಟಿರೋ ಕಂಬದ ಬುಡದಲ್ಲಿ ಇಬ್ರೂ ಕೂತ್ವಿ. ಇಡೀ ಸೇತುವೆ ಭಾರ ಆ ಕಂಬದ್ದೇ. ಬೆಳಿಗ್ಗೆ ತಾನೆ ಮೆಂಬರು ಅದಕ್ಕೆ ಮತ್ತೆ ನೀಲಿ ಬಣ್ಣ ಹೊಡೆಸಿದ್ದ, ಒರಗಬೇಡಿ ಸೀರೆಗೆ ಹತ್ತುತ್ತೆ ಅಂದ್ಲು.

ಬೆರಳ ಗೆಣ್ಣಲ್ಲಿ ಎಣಿಸಿದೆ ನಾನು. ಅರವತ್ಮೂರು. ಎಲ್ಲ ಠಣ್. ಚಂದ್ರು ಆ ತುದೀಲಿ ಸುತ್ತಿಗೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಹೆಗಲಿಗೇರಿಸಿದ. ನನ್ನ ಕಣ್ಣಿಗೆ ಕಾಣ್ತಿತ್ತು, ಇನ್ನೂ ಬೆಳಕಿತ್ತು.

ಆಗ ಇನ್ನೊಂದು ಏಟು. ಅಲ್ಲಿಂದಲ್ಲ. ನಮ್ಮ ಬೆನ್ನ ಹಿಂದೆ, ಕಂಬದಿಂದ.

ಡಬ್.

ನಾನು ಮಾನಸಾನ ನೋಡಿದೆ. ಅವಳು ತಲೆ ಎತ್ತಲಿಲ್ಲ. ಪುಸ್ತಕದಲ್ಲಿ ಅರವತ್ನಾಲ್ಕು ಅಂತ ಬರೆದ್ಲು, ಮುಚ್ಚಿದ್ಲು. ಮುಚ್ಚೋ ಮುಂಚೆ ನೋಡ್ದೆ, ಹಿಂದಿನ ಪುಟಗಳಲ್ಲೂ ಅದೇ ನಂಬರಿತ್ತು, ಒಂಬತ್ತು ದಿನದಿಂದ. ಪಂಚಾಯ್ತೀಲಿ ಓದಿದೋರು, ಸೇತುವೆಗೆ ಇರೋದೇ ಅರವತ್ಮೂರು, ಹುಡುಗಿಗೆ ಎಣಿಸಕ್ಕೆ ಬರಲ್ಲ ಅಂದ್ರಂತೆ.

ನಂಬೋರು ನಂಬಿ, ಬಿಡೋರು ಬಿಡಿ. ನನಗೆ ಹಲ್ಲು ಹೋಗಿರಬಹುದು, ಕಿವಿ ಹೋಗಿಲ್ಲ, ಕಣ್ಣು ಹೋಗಿಲ್ಲ. ಎದ್ದು ಹೋಗಿ ಕಂಬದ ಹಿಂದೆ ನೋಡಿದೆ. ಹೊಸ ನೀಲಿ ಬಣ್ಣ, ಎದೆಯೆತ್ತರದಲ್ಲಿ ಮೂರು ಬೆರಳು ಸುಣ್ಣ. ಮುಟ್ಟಿದೆ. ಹಸಿ ಇತ್ತು.